ಅರ್ಥ ಬಂತು, ಬಳಕೆ ಬರಲಿಲ್ಲ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದ ಕಲಿಸುವ ಕ್ರಮ ಬಹುಮಟ್ಟಿಗೆ ಒಂದೇ. ಹಲಗೆಯ ಮೇಲೆ ಮೂರು ರೂಪ, ಎದುರಿಗೆ ಕನ್ನಡದ ಅರ್ಥ: ಸ್ಪೆಂಡ್, ಸ್ಪೆಂಟ್, ಸ್ಪೆಂಟ್; ಖರ್ಚು ಮಾಡು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮಾರುವ 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ಬಗೆಯ ಪುಸ್ತಕಗಳದ್ದೂ ಇದೇ ದಾರಿ. ಈ ಕ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಮೂರು ರೂಪಗಳನ್ನು ಬಾಯಿಪಾಠ ಮಾಡಿದ ಹುಡುಗಿ ಪರೀಕ್ಷೆಯಲ್ಲಿ 'ಸ್ಪೆಂಡೆಡ್' ಎಂದು ಬರೆಯುವುದಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಮೇಷ್ಟ್ರು ಇಷ್ಟನ್ನು ಸಾಧಿಸಿದರೆ ಅದು ದೊಡ್ಡದೇ. ಆದರೆ ಆ ಪದವನ್ನು ವಾಕ್ಯದಲ್ಲಿ ಹೂಡುವ ಹೊತ್ತಿಗೆ ಈ ಪಾಠ ಕೈಕೊಡುತ್ತದೆ.

ಅದೇ ಹುಡುಗಿಯ ನೋಟ್‌ಬುಕ್ಕಿನಲ್ಲಿ ಹೀಗೊಂದು ವಾಕ್ಯ ಬರುತ್ತದೆ: 'ಐ ಸ್ಪೆಂಟ್ ಹಂಡ್ರೆಡ್ ರುಪೀಸ್ ಫಾರ್ ಬುಕ್ಸ್.' ರೂಢಿಯ ಇಂಗ್ಲಿಷಿನಲ್ಲಿ ಅಲ್ಲಿ 'ಆನ್ ಬುಕ್ಸ್' ಬರಬೇಕು. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಮುಂದಿನ ವಾರ 'ಫಾರ್' ಮತ್ತೆ ಹಾಜರು. ಕಾರಣ ಸರಳ. ಕನ್ನಡದಲ್ಲಿ ನಾವು ಪುಸ್ತಕಕ್ಕೆ ಖರ್ಚು ಮಾಡುತ್ತೇವೆ. 'ಗೆ', 'ಕ್ಕೆ' ಬಂದಲ್ಲಿ 'ಟು' ಅಥವಾ 'ಫಾರ್' ಹಾಕು ಎಂದು ಅವಳಿಗೆ ಮೊದಲೇ ಹೇಳಿಕೊಟ್ಟಾಗಿದೆ. ಹೇಳಿಕೊಟ್ಟಂತೆಯೇ ಅವಳು ಬರೆದಿದ್ದಾಳೆ. ಕೆಂಪು ಗೆರೆ ಬೀಳಬೇಕಾದದ್ದು ಪಾಠದ ಮೇಲೆ.

ಸಮಯದ ಮಾತು ಬಂದಾಗ ತೊಡಕು ಹೆಚ್ಚುತ್ತದೆ. ಇಂಗ್ಲಿಷಿನವರು ಹಣಕ್ಕೂ ಹೊತ್ತಿಗೂ ಒಂದೇ ಕ್ರಿಯಾಪದ ಬಳಸುತ್ತಾರೆ. ನಾವು ಹಣವನ್ನು ಖರ್ಚು ಮಾಡುತ್ತೇವೆ, ರಜೆಯನ್ನು ಕಳೆಯುತ್ತೇವೆ. 'ಖರ್ಚು ಮಾಡು' ಎಂದಷ್ಟೇ ಕಲಿತ ಮಗುವಿಗೆ 'ಅಜ್ಜಿ ಮನೆಯಲ್ಲಿ ರಜೆ ಕಳೆದೆ' ಎನ್ನಲು ಸ್ಪೆಂಡ್ ಬೇಕೆಂದು ಹೊಳೆಯುವುದೇ ಇಲ್ಲ. ಹೊಳೆದರೂ 'ಓದುವುದಕ್ಕೆ ಎರಡು ಗಂಟೆ' ಎಂಬ ಯೋಚನೆಯಿಂದ 'ಸ್ಪೆಂಟ್ ಟೂ ಅವರ್ಸ್ ಟು ರೀಡ್' ಹುಟ್ಟುತ್ತದೆ. ಬೇಕಾದದ್ದು 'ರೀಡಿಂಗ್'.

ಇಲ್ಲೇ ಕನ್ನಡ ನೆರವಿಗೆ ಬರುತ್ತದೆ. 'ಓದುತ್ತಾ ಎರಡು ಗಂಟೆ ಕಳೆದೆ' ಎಂದು ಹೇಳಿಸಿ ನೋಡಿ. ಆ 'ಓದುತ್ತಾ' ಇದ್ದಲ್ಲೇ 'ರೀಡಿಂಗ್' ಕೂರುತ್ತದೆ. ಕೂಡಲೇ ಇನ್ನೊಂದು ವಾಕ್ಯ ಹೇಳಿಸಬೇಕು: 'ಓದುವುದಕ್ಕೆ ನನಗೆ ಎರಡು ಗಂಟೆ ಹಿಡಿಯಿತು.' ಇದು 'ಇಟ್ ಟುಕ್ ಮಿ ಟೂ ಅವರ್ಸ್ ಟು ರೀಡ್.' ಮಗು ತಪ್ಪು ಜಾಗದಲ್ಲಿ ಇಟ್ಟಿದ್ದ 'ಟು' ಇಲ್ಲಿ ತನ್ನ ಮನೆ ಸೇರಿತು. ಕಳೆದದ್ದು ನಾನು, ಹಿಡಿದದ್ದು ನನಗೆ: ಈ ಭೇದ ಕನ್ನಡದ ಮಗುವಿಗೆ ಹುಟ್ಟಿನಿಂದಲೇ ಗೊತ್ತು. ಗೊತ್ತಿದ್ದುದನ್ನು ತೋರಿಸಿಕೊಡುವ ಮೇಷ್ಟ್ರು ಬೇಕು, ಅಷ್ಟೇ.

ಕ್ರಿಯಾಪದವನ್ನು ಅದರ ಸಂಗಡಿಗರ ಜೊತೆಗೇ ಕಲಿಸಬೇಕೆಂಬುದು ಹೊಸ ವಿಚಾರವಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ 1942ರ ತಮ್ಮ ನಿಘಂಟಿನಲ್ಲೇ ಕ್ರಿಯಾಪದಗಳ ವಾಕ್ಯವಿನ್ಯಾಸಗಳನ್ನು ಗುರುತಿಸಿಕೊಟ್ಟಿದ್ದರು. 1987ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ನಿಘಂಟು ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಕೊಟ್ಟಿತು. ಅರ್ಥ ಓದುತ್ತಲೇ ಬಳಕೆಯೂ ಕಣ್ಣಿಗೆ ಬೀಳುವ ಏರ್ಪಾಡು ಅದು. ನಮ್ಮ ಪಠ್ಯಪುಸ್ತಕಗಳ ಪದಪಟ್ಟಿಗಳು ಮಾತ್ರ ಒಂದು ಪದಕ್ಕೆ ಒಂದು ಅರ್ಥ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಬೇರೆ ದಾರಿಯೊಂದನ್ನು ನಮ್ಮ ನೆಲದಲ್ಲೇ ಪರೀಕ್ಷಿಸಿ ನೋಡಿದ್ದೂ ಉಂಟು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್' ವ್ಯಾಕರಣದ ಪಟ್ಟಿ ಬಿಟ್ಟು ರೈಲು ವೇಳಾಪಟ್ಟಿ, ನಕಾಶೆಗಳನ್ನು ಆಧರಿಸಿದ ಲೆಕ್ಕಾಚಾರಗಳನ್ನು ಮಕ್ಕಳ ಮುಂದಿಟ್ಟಿತು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಬೇರೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಮಗುವಿನ ಬುದ್ಧಿಯನ್ನು ಅಷ್ಟು ಗೌರವಿಸಿದ ಪ್ರಯೋಗಗಳು ವಿರಳ. ಆದರೆ ಸ್ಪೆಂಡ್‌ನಂಥ ಪದಕ್ಕೆ ಅದೊಂದೇ ಸಾಲದೆಂದು ನನಗನ್ನಿಸುತ್ತದೆ. 'ಫಾರ್ ಬುಕ್ಸ್' ಎಂದರೂ ಎಲ್ಲರಿಗೂ ತಿಳಿಯುತ್ತದೆ. ತಿಳಿದ ಮೇಲೆ ತಿದ್ದಿಕೊಳ್ಳುವ ಒತ್ತಡ ಎಲ್ಲಿಂದ ಬರಬೇಕು? ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಕೂಡದು ಎನ್ನುವ ಈಗಿನ ಕಟ್ಟುಪಾಡಂತೂ 'ಓದುತ್ತಾ' ಎಂಬ ಅಮೂಲ್ಯ ಸಹಾಯವನ್ನೇ ಬಾಗಿಲಾಚೆ ನಿಲ್ಲಿಸುತ್ತದೆ.

ನನ್ನ ತೀರ್ಮಾನ ಇಷ್ಟು. ಮೂರು ರೂಪಗಳ ಬಾಯಿಪಾಠ ಉಳಿಯಲಿ. ಪದಪಟ್ಟಿಯಲ್ಲಿ ಒಂಟಿ ಅರ್ಥದ ಬದಲು ಎರಡು ಪೂರ್ಣ ವಾಕ್ಯಗಳಿರಲಿ, ಒಂದು ಹಣದ್ದು, ಒಂದು ಸಮಯದ್ದು. ಪಕ್ಕದಲ್ಲಿ ಮನೆಮಾತಿನ ಕನ್ನಡ ಇರಲಿ. ಆಮೇಲೆ ಪ್ರಭು ಅವರ ದಾರಿಯಲ್ಲಿ ಒಂದು ಕೆಲಸ ಕೊಡಿ: ಕೈಯಲ್ಲಿ 200 ರೂಪಾಯಿ, ಮುಂದೆ ಊರ ಜಾತ್ರೆಯ ಒಂದು ಮಧ್ಯಾಹ್ನ; ಯಾವುದಕ್ಕೆ ಎಷ್ಟು ಹಣ, ಏನು ಮಾಡುತ್ತಾ ಎಷ್ಟು ಹೊತ್ತು? ತೇರಿನ ಬೀದಿಯ ಬಳೆ, ಬೆಂಡು ಬತ್ತಾಸು, ತಿರುಗುವ ತೊಟ್ಟಿಲು ಎಲ್ಲವೂ ಆ ಎರಡು ವಾಕ್ಯಗಳೊಳಗೆ ಬರುತ್ತವೆ. ಇದನ್ನು ಕಲಿತ ಮಗುವಿಗೆ 'ವೇಸ್ಟ್' ಪುಕ್ಕಟೆಯಾಗಿ ಬರುತ್ತದೆ, ಏಕೆಂದರೆ ಅದರ ಜೋಡಣೆಯೂ ಇದೇ. ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಷ್ಟ ಎನ್ನುವವರು ಮೊದಲು ಪದಪಟ್ಟಿಯ ಆ ಒಂದು ಸಾಲನ್ನು ಬದಲಿಸಿ ನೋಡಲಿ.