'ಕ್ರಿಯೇಟೆಡ್' ಅಂದ ಮಾತ್ರಕ್ಕೆ

ಕುಬರ್ನೆಟಿಸ್ ಕಲಿಯಲು ಹೊರಟವರಿಗೆ ಸಿಗುವ ಉಪದೇಶ ಹೆಚ್ಚುಕಡಿಮೆ ಒಂದೇ: ಮೊದಲು ಪಾಡ್, ಸರ್ವಿಸ್, ಡಿಪ್ಲಾಯ್‌ಮೆಂಟ್ ಕಲಿ, ತಂಡಕ್ಕೊಂದು ನೇಮ್‌ಸ್ಪೇಸ್ ಮಾಡು, ಕೊನೆಗೆ ನೆಟ್‌ವರ್ಕ್ ಪಾಲಿಸಿಯ ನಾಲ್ಕು ಯಾಮಲ್ ಫೈಲ್ ಬರೆದು ಸರ್ಟಿಫಿಕೇಟ್ ತಗೋ. ಜಾಲದ ಭದ್ರತೆಗೆ ಸಿಗುವುದು ಕೊನೆಯ ವಾರ, ಅದೂ ಪೋರ್ಷನ್ ಮುಗಿದರೆ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ತಕರಾರು.

ಯಾಕೆಂದರೆ ಈ ವ್ಯವಸ್ಥೆ ಹುಟ್ಟಿದ್ದೇ ಬಾಗಿಲು ತೆರೆದಿಟ್ಟುಕೊಂಡು. ಯಾವ ಪಾಡ್ ಬೇಕಾದರೂ ಬೇರೆ ಯಾವ ಪಾಡ್ ಜೊತೆಗಾದರೂ ನೇರವಾಗಿ ಮಾತಾಡಬಹುದು ಎಂಬುದು ಅದರ ಜಾಲದ ಮೂಲ ಕರಾರು. ನೇಮ್‌ಸ್ಪೇಸ್ ಅದಕ್ಕೆ ಅಡ್ಡ ಬರುವುದಿಲ್ಲ. ವಠಾರದ ಮನೆಗಳಿಗೆ ಹೆಸರಿನ ಫಲಕ ಹಾಕಿದ ಹಾಗೆ ಅದು. ಚಿಲಕ ಬೇರೆ ಹಾಕಬೇಕು. ಫಲಕವನ್ನೇ ಚಿಲಕ ಅಂದುಕೊಂಡ ಎಂಜಿನಿಯರ್‌ಗಳು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ.

2025ರ ಮಾರ್ಚ್‌ನಲ್ಲಿ ಇಂಗ್ರೆಸ್-ಎಂಜಿನ್‌ಎಕ್ಸ್ ಕಂಟ್ರೋಲರ್‌ನಲ್ಲಿ ಹೊರಬಿದ್ದ ದೋಷ ನೆನಪಿಸಿಕೊಳ್ಳಿ. ತೀವ್ರತೆ 10ಕ್ಕೆ 9.8. ಪಾಡ್‌ಗಳ ಜಾಲದೊಳಗೆ ಒಂದು ಕಾಲಿಟ್ಟರೆ ಸಾಕು, ಪಾಸ್‌ವರ್ಡೂ ಬೇಡ, ಅನುಮತಿಯೂ ಬೇಡ. ಆ ಕಂಟ್ರೋಲರ್ ಒಳಗೆ ತಮ್ಮ ಕೋಡ್ ಓಡಿಸಬಹುದಿತ್ತು. ಅದಕ್ಕೋ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಇಡೀ ಕ್ಲಸ್ಟರಿನ ಸೀಕ್ರೆಟ್‌ಗಳನ್ನು ಓದುವ ಅಧಿಕಾರ. ದೋಷ ತಿದ್ದಿದ ಆವೃತ್ತಿ ಬಂತು, ಸರಿ. ಆದರೆ ದೋಷವಿದ್ದ ಆ ಬಾಗಿಲನ್ನು ನೆಟ್‌ವರ್ಕ್ ಪಾಲಿಸಿಯಿಂದ ಎಪಿಐ ಸರ್ವರ್ ಒಂದಕ್ಕೇ ಬಿಟ್ಟು ಉಳಿದವರಿಗೆ ಮುಚ್ಚಿದ್ದವರು ಅವತ್ತು ಕೊಂಚ ನಿದ್ದೆ ಮಾಡಿರಬೇಕು.

ಹಾಗಾದರೆ ಪಾಲಿಸಿ ಬರೆದರಾಯಿತಲ್ಲ? ಇಲ್ಲ, ಸ್ವಾರಸ್ಯ ಶುರುವಾಗುವುದೇ ಇಲ್ಲಿ. ಕುಬರ್ನೆಟಿಸ್ ಪಾಲಿಸಿಯನ್ನು ಬರೆದಿಟ್ಟುಕೊಳ್ಳುತ್ತದೆ, ಜಾರಿ ಮಾಡುವುದಿಲ್ಲ. ಜಾರಿ ಮಾಡುವುದು ಕ್ಯಾಲಿಕೊ, ಸಿಲಿಯಂ ಥರದ ಜಾಲದ ಪ್ಲಗಿನ್. ಬರೀ ಫ್ಲಾನೆಲ್ ಹಾಕಿದ ಕ್ಲಸ್ಟರಿನಲ್ಲಿ 'ಎಲ್ಲವನ್ನೂ ತಡೆ' ಎಂದು ಬರೆದು ಕೊಡಿ: 'ಕ್ರಿಯೇಟೆಡ್' ಅನ್ನುತ್ತದೆ. ದೋಷವಿಲ್ಲ, ಎಚ್ಚರಿಕೆಯಿಲ್ಲ. ಸಂಚಾರ ಮೊದಲಿನಂತೆಯೇ ಹರಿಯುತ್ತಿರುತ್ತದೆ.

ಪ್ಲಗಿನ್ ಸರಿಯಿದ್ದರೂ ಯಾಮಲ್ ಕೈಕೊಡುತ್ತದೆ. ನೇಮ್‌ಸ್ಪೇಸ್ ಸೆಲೆಕ್ಟರ್ ಕೆಳಗಿನ ಸಾಲಿನಲ್ಲಿ ಪಾಡ್ ಸೆಲೆಕ್ಟರ್ ಬರೆಯುವಾಗ ಮುಂದೆ ಒಂದು ಅಡ್ಡಗೆರೆ ಇಲ್ಲದಿದ್ದರೆ 'ಮತ್ತು', ಇದ್ದರೆ 'ಅಥವಾ'. ಆ ನೇಮ್‌ಸ್ಪೇಸಿನ ಬಿಲ್ಲಿಂಗ್ ಪಾಡ್‌ಗಷ್ಟೇ ಬಿಡಬೇಕೆಂದುಕೊಂಡವರು ಒಂದು ಗೆರೆ ಹೆಚ್ಚು ಹಾಕಿ ಇಡೀ ನೇಮ್‌ಸ್ಪೇಸನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಎರಡೂ ಸರಿಯಾದ ಯಾಮಲ್ಲೇ. ಯಾವ ಲಿಂಟರೂ ಕೆಂಪು ತೋರಿಸಬೇಕಾಗಿಲ್ಲ.

ಕುಬರ್ನೆಟಿಸ್ ಭದ್ರತೆಯ ಸರ್ಟಿಫಿಕೇಟ್ ಕೊಡುವ ಸಿಕೆಎಸ್ ಪರೀಕ್ಷೆಯನ್ನು ನಾನು ಹಳಿಯುತ್ತಿಲ್ಲ. ಎರಡು ಗಂಟೆ ಕಮಾಂಡ್ ಲೈನಿನ ಮುಂದೆ ಕೂರಿಸಿ ಕೆಲಸ ಮಾಡಿಸುತ್ತದೆ, ಟಿಕ್ ಹಾಕುವ ಪರೀಕ್ಷೆಗಿಂತ ಎಷ್ಟೋ ವಾಸಿ. ಆದರೆ ಅಲ್ಲಿ ಕ್ಲಸ್ಟರ್ ಸಿದ್ಧವಾಗಿ ಕೈಗೆ ಬರುತ್ತದೆ. ಕೆಲಸದ ಜಾಗದಲ್ಲಿ 'ಇಲ್ಲಿ ಜಾರಿ ಮಾಡುವವರು ಯಾರು?' ಎಂಬುದೇ ಮೊದಲ ಪ್ರಶ್ನೆ.

ಪಾಠ ನನ್ನ ಕೈಲಿದ್ದರೆ ಮೊದಲ ದಿನವೇ ಒಂದು ಪಾಡ್‌ನಿಂದ ಇನ್ನೊಂದು ನೇಮ್‌ಸ್ಪೇಸಿನ ಡೇಟಾಬೇಸಿಗೆ ಎನ್‌ಸಿ ಕಮಾಂಡ್ ಹೊಡೆಸುತ್ತೇನೆ. ಸೀದಾ ಕನೆಕ್ಟ್ ಆಗುತ್ತದೆ, ಹುಡುಗರು ಬೆಚ್ಚಬೇಕು. ಆಮೇಲೆ ಪಾಲಿಸಿ ಹಾಕಿ ಮತ್ತೆ ಹೊಡೆಯುವುದು. ತಕ್ಷಣ 'ರಿಫ್ಯೂಸ್ಡ್' ಬಂದರೆ ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಕೇಳುವವರೇ ಇಲ್ಲ ಎಂದರ್ಥ. ತಡೆದ ಪ್ಯಾಕೆಟ್ ಬಹುತೇಕ ಸದ್ದಿಲ್ಲದೆ ಬಿದ್ದುಹೋಗುತ್ತದೆ, ಟೈಮ್‌ಔಟ್ ಆಗುವವರೆಗೂ ಕಾಯಿಸುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದವರು ಸತ್ತ ಡೇಟಾಬೇಸನ್ನು ನೋಡಿ 'ಭದ್ರವಾಗಿದೆ' ಅಂದುಬಿಡುತ್ತಾರೆ.

ಹೊರಹೋಗುವ ಸಂಚಾರಕ್ಕೂ ತಡೆ ಹಾಕಿದಾಗ ಇನ್ನೊಂದು ತಮಾಷೆ. 53ನೇ ಪೋರ್ಟ್ ಬಿಡಲು ಮರೆತರೆ ಡಿಎನ್‌ಎಸ್ ನಿಂತು, ಯಾರಿಗೂ ಯಾರ ಹೆಸರೂ ಸಿಗದೆ ಅಪ್ಲಿಕೇಶನ್ನೇ ಮಲಗುತ್ತದೆ. ನಾನಿದ್ದ ಒಂದು ತಂಡದಲ್ಲಿ ರಾತ್ರಿ ಹನ್ನೊಂದಕ್ಕೆ ಹೀಗೇ ಆಯಿತು. ಕಾರಣ ಹುಡುಕುವ ವ್ಯವಧಾನ ಯಾರಿಗೂ ಇರಲಿಲ್ಲ. 'ಸದ್ಯಕ್ಕೆ ತೆಗೆದುಬಿಡಿ, ಬೆಳಿಗ್ಗೆ ನೋಡೋಣ' ಅಂದರು ಮ್ಯಾನೇಜರು. ನಾನು ಎಂಟು ತಿಂಗಳ ನಂತರ ಆ ಕೆಲಸ ಬಿಟ್ಟಾಗಲೂ ಆ ಪಾಲಿಸಿ ವಾಪಸು ಬಂದಿರಲಿಲ್ಲ.