ಗಿಣ್ಣಿನೆಲುಬು ಹೇಳುವ ನೆಂಟಸ್ತನ

ಪಳೆಯುಳಿಕೆ ಎಂದರೆ ತಲೆಯಿಂದ ಬಾಲದವರೆಗೆ ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರವೇ ಆಗಬೇಕೆನ್ನುವವರಿಗೆ ನಮ್ಮ ಬೀದರ್ ಸೀಮೆ ಸರಿಹೋಗದು. ಹುಮನಾಬಾದಿನ ಕಡೆ ನೆಲವೆಲ್ಲ ಕೆಂಪು ಕಲ್ಲು; ಬಸವಕಲ್ಯಾಣದತ್ತ ಹೋದರೆ ಎರೆಮಣ್ಣು, ಅದರಡಿ ಕರಿಕಲ್ಲು. ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿಕೊಂಡು ಹರಿದ ಲಾವಾ. ಅದೇ ಲಾವಾ ಮಳೆ ಬಿಸಿಲಿಗೆ ಸವೆದು ಕೊಳೆತು ಕೆಂಪು ಕಲ್ಲಾಗಿದೆ. ಎಲುಬಿನ ಪಾಲಿಗೆ ಒಂದು ಬೆಂಕಿ, ಇನ್ನೊಂದು ಹುಳಿ.

ಲಾವಾ ಮಾತ್ರ ಒಂದೇ ಸಲಕ್ಕೆ ಹರಿದು ಮುಗಿಯಲಿಲ್ಲ. ನಡುನಡುವೆ ದೀರ್ಘ ಬಿಡುವುಗಳಿದ್ದವು. ಆಗ ತಗ್ಗಿನಲ್ಲಿ ನೀರು ನಿಂತಿತು, ಕಪ್ಪೆ, ಮೀನು, ಬಸವನಹುಳು ಬಂದವು, ತಳದಲ್ಲಿ ಹೂಳು ಕೂತಿತು; ಆಮೇಲೆ ಮತ್ತೆ ಲಾವಾ ಬಂದು ಮುಚ್ಚಿತು. ಎರಡು ಕರಿಕಲ್ಲಿನ ನಡುವೆ ಸಿಕ್ಕಿಕೊಂಡ ಈ ಮೆತ್ತನೆಯ ಪದರವೇ ನನ್ನಂಥ ಹವ್ಯಾಸಿಗೆ ಹಬ್ಬ.

ಹುಮನಾಬಾದಿನಿಂದ ಹೈದರಾಬಾದ್ ರಸ್ತೆ ಹಿಡಿದು, ಜಹೀರಾಬಾದ್ ದಾಟಿ ವಿಕಾರಾಬಾದಿನ ಕಡೆ ಹೊರಳಿದರೆ ತೆಲಂಗಾಣದ ನಸ್ಕಲ್ ಎಂಬ ಹಳ್ಳಿ. ಅಲ್ಲಿಯ ಇಂಥದ್ದೇ ಪದರದ ಜೇಡಿಯನ್ನು ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಹೆಕ್ಕಿದಾಗ ಎರಡು ಮಿಲಿಮೀಟರೂ ಇಲ್ಲದ ಹಲ್ಲುಗಳು ಸಿಕ್ಕವು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಅವುಗಳ ಒಡೆಯನಿಗೆ ಡೆಕ್ಕನೋಲೆಸ್ಟಿಸ್ ಹಿಸ್ಲೋಪಿ ಎಂದು ಹೆಸರಿಟ್ಟರು. ಭಾರತದಲ್ಲಿ ಕ್ರಿಟೇಶಿಯಸ್ ಯುಗದ್ದೆಂದು ಗುರುತಾದ ಮೊದಲ ಸಸ್ತನಿ ಅದು.

ನನ್ನ ಮನಸ್ಸು ಹಲ್ಲಿಗಿಂತ ಹೆಚ್ಚಾಗಿ 1994ರಲ್ಲಿ ವರದಿಯಾದ ಅದರ ಪಾದದ ಗಿಣ್ಣಿನೆಲುಬುಗಳ ಮೇಲೆ. ಹಲ್ಲು ಏನು ತಿಂದೆ ಎಂದು ಹೇಳುತ್ತದೆ. ತಿನಿಸು ಒಂದೇ ಆದಾಗ ನೆಂಟರಲ್ಲದವರ ಹಲ್ಲೂ ಹೋಲತೊಡಗುತ್ತವೆ. ಪಾದದ ಕೀಲು ಅಷ್ಟು ಬೇಗ ಗುಟ್ಟು ಬದಲಿಸುವುದಿಲ್ಲ. ನಂಬಿಕೆಯಿಲ್ಲದವರು ಮಟನ್ ಅಂಗಡಿಯಲ್ಲಿ ಕುರಿಯ ಹಿಂಗಾಲಿನ ಗಿಣ್ಣಿನೆಲುಬು ಕೇಳಿ ನೋಡಲಿ. ಮೇಲೊಂದು ಕೆಳಗೊಂದು, ಬಾವಿಯ ರಾಟೆಯ ಹಾಗೆ ನಡುವೆ ತೋಡಿರುವ ಎರಡು ತುದಿ. ಕುರಿ, ಹಸು, ಜಿಂಕೆ, ಹಂದಿ, ಒಂಟೆ ಎಲ್ಲಕ್ಕೂ ಇದೇ ಗುರುತು. ಕುದುರೆಗೆ ಒಂದೇ ರಾಟೆ. ಬಲೂಚಿಸ್ತಾನದ ಪ್ರಾಚೀನ ತಿಮಿಂಗಿಲದ ಗಿಣ್ಣಿನಲ್ಲೂ ಈ ಜೋಡಿ ರಾಟೆ ಇದೆಯೆಂದು 2001ರಲ್ಲಿ ಗೊತ್ತಾದ ಮೇಲೆ, ತಿಮಿಂಗಿಲವನ್ನು ಬೇರೆ ವಂಶಕ್ಕೆ ಅಂಟಿಸುತ್ತಿದ್ದ ಹಳೆಯ ವಾದ ಬಿದ್ದುಹೋಯಿತು. ಕುರಿ-ತಿಮಿಂಗಿಲ ನೆಂಟರೆಂದು ವಂಶವಾಹಿಗಳು ಆಗಲೇ ಹೇಳುತ್ತಿದ್ದವು. ಎಲುಬಿನವರು ಒಪ್ಪಿದ್ದು ಎಲುಬು ಸಿಕ್ಕ ಮೇಲೆ!

ನಸ್ಕಲ್‌ನ ಪುಟ್ಟ ಗಿಣ್ಣೂ ದೊಡ್ಡ ಆಸೆ ಹುಟ್ಟಿಸಿತ್ತು. ಪಾದ ತಿರುಗಿಸಬಲ್ಲ, ಮರ ಹತ್ತುವ ಪ್ರಾಣಿಯ ಕೀಲು ಅದು. ಹಾಗಾದರೆ ಮಂಗ, ಮನುಷ್ಯರ ವಂಶದ ಬೇರು ನಮ್ಮ ದಖನ್ನಿನಲ್ಲೇ ಇರಬಹುದೆ ಎಂದು ಕೆಲವರು ಹಿಗ್ಗಿದರು. 2011ರಲ್ಲಿ ಅಂಜಲಿ ಗೋಸ್ವಾಮಿ, ಪ್ರಸಾದ್ ಮತ್ತಿತರರು ಹಲ್ಲು, ಎಲುಬು ಎರಡರ ಲಕ್ಷಣಗಳನ್ನೂ ಒಟ್ಟಿಗೆ ತೂಗಿ ನೋಡಿದಾಗ, ಇಂದಿನ ಮಾಸುಚೀಲದ ಸಸ್ತನಿಗಳು ಕವಲೊಡೆಯುವುದಕ್ಕೂ ಮುಂಚೆ ಬೇರೆಯಾದ ಕೊಂಬೆಯಲ್ಲಿ ಅದು ಕೂತಿತು. ನನಗೆ ಈ ತೀರ್ಮಾನವೇ ಹೆಚ್ಚು ರುಚಿಸುತ್ತದೆ. ಮರ ಹತ್ತಿದವರೆಲ್ಲ ಮಂಗನ ಬಳಗವಾದರೆ ಅಳಿಲಿನ ಗತಿಯೇನು?

ಕರ್ನಾಟಕದ ಪಾಲೂ ಉಂಟು. ಗೋಕಾಕದ ಲಾವಾ ನಡುವಿನ ಪದರದಲ್ಲಿ ಇನ್ನೊಂದು ಸಸ್ತನಿಯ ಮೂರು ಹಲ್ಲು ಸಿಕ್ಕಿವೆ. 2007ರಲ್ಲಿ ಎರಡು ತಂಡಗಳು ಒಂದಕ್ಕೊಂದು ತಿಳಿಯದೆ ಅದೇ ಪ್ರಾಣಿಗೆ ಎರಡು ಹೆಸರಿಟ್ಟವು. ಗೋಕಾಕದ ಹಲ್ಲನ್ನೂ ಒಳಗೊಂಡಿದ್ದ ‘ದಕ್ಷಿಣ’ ಎಂಬ ಹೆಸರು ಸೋತು ‘ಭಾರತ್‌ಥೀರಿಯಂ’ ಉಳಿಯಿತು. ಹಲ್ಲು ಎತ್ತರ, ಹುಲ್ಲು ಮೇಯುವ ಪ್ರಾಣಿಯದರಂತೆ. ಒಡಲು ಹೇಗಿತ್ತೆಂದು ಹೇಳುವ ಎಲುಬು ಮಾತ್ರ ಇಲ್ಲ. ಇದೇ ಬಳಗದ ಒಂದು ಪ್ರಾಣಿಯ ಬಹುತೇಕ ಪೂರ್ತಿ ಅಸ್ಥಿಪಂಜರ ಮಡಗಾಸ್ಕರ್‌ನಲ್ಲಿ ಸಿಕ್ಕು, 2020ರಲ್ಲಿ ಪ್ರಕಟವಾಯಿತು. ಮುಂಗಾಲು ಮೈಯ ಕೆಳಗೆ ನೆಟ್ಟಗೆ, ಹಿಂಗಾಲು ಪಕ್ಕಕ್ಕೆ ಚಾಚಿದ ಹಾಗೆ. ಬೆನ್ನಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮಣಿ. ಶೋಧಕರು ಅಲ್ಲಿಯ ಭಾಷೆಯಲ್ಲಿ ‘ಹುಚ್ಚು’ ಎಂಬರ್ಥದ ‘ಅದಾಲ’ವನ್ನೇ ಸೇರಿಸಿ ಅದಾಲಾಥೀರಿಯಂ ಎಂದು ಕರೆದರು.