ಮಣ್ಣಿನ ಆಸರೆಯ ಕೊಳ

ಅಮೆರಿಕದ ಉಪನಗರಗಳಲ್ಲಿ ಮನೆಯ ಹಿತ್ತಿಲಿನಲ್ಲಿ ಈಜುಕೊಳವನ್ನು ಕಟ್ಟಿಸಿಕೊಳ್ಳುವವರು ಬಹುಮಂದಿ. ಆದರೆ ಅದನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳುವವರ ಪಂಥವೊಂದು ಅಲ್ಲಿ ಬೇರೆಯೇ ಇದೆ. ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ಸಿದ್ಧವಾದ ಸತುಲೇಪಿತ ಉಕ್ಕಿನ ಪ್ಯಾನೆಲುಗಳು, ಅವನ್ನು ಬೆಸೆಯುವ ಬೋಲ್ಟುಗಳು, ಹಿಂದಿನಿಂದ ಆತು ನಿಲ್ಲುವ ತ್ರಿಕೋನಾಕಾರದ ಚೌಕಟ್ಟುಗಳು, ಒಳಮೈಗೆ ಹಾಸುವ ವೈನಿಲ್ ಲೈನರ್, ಮೆಟ್ಟಿಲು, ಪಂಪು, ಮರಳಿನ ಫಿಲ್ಟರ್ ಇವೆಲ್ಲವೂ ಕಿಟ್ ಎಂಬ ಹೆಸರಿನಲ್ಲಿ ಲಾರಿಯೇರಿ ಮನೆಯ ಬಾಗಿಲಿಗೆ ಬರುತ್ತವೆ. ಸಾಮಾನ್ಯವಾಗಿ 42 ಅಂಗುಲ ಎತ್ತರವಿರುವ ಆ ಪ್ಯಾನೆಲುಗಳನ್ನು ಕಂಡು, ಕೊಳದ ಬಲವೆಲ್ಲ ಅವುಗಳಲ್ಲಿಯೇ ಅಡಗಿದೆಯೆಂದು ಭಾವಿಸುವುದು ಸಹಜ. ಈ ವಾರ ನಾನು ವಾಚಕರಲ್ಲಿ ನಿವೇದಿಸಬಯಸುವುದು ಒಂದೇ ಸಂಗತಿ: ಉಕ್ಕು ಕೊಳಕ್ಕೆ ಆಕಾರವನ್ನು ಕೊಡುತ್ತದೆ, ಅದನ್ನು ಹೊತ್ತು ನಿಲ್ಲುವ ಹೊಣೆ ಕಿಟ್ಟಿನೊಡನೆ ಬಾರದ ಮಣ್ಣಿನದು.

ಬಿಡಿಭಾಗಗಳನ್ನು ಬೇರೆಡೆ ಸಿದ್ಧಪಡಿಸಿ ತಂದು ಸ್ಥಳದಲ್ಲಿ ಕೊಳವನ್ನು ಜೋಡಿಸುವ ಕ್ರಮ ನಮ್ಮ ನಾಡಿಗೆ ಅಪರಿಚಿತವಾದುದೇನೂ ಅಲ್ಲ. ಹಂಪೆಯ ರಾಜಪ್ರಾಂಗಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗೊಳವನ್ನು ನೋಡಿದವರು ಅದರ ಕಪ್ಪು ಶಿಲೆಯ ಐದು ಅಂತಸ್ತುಗಳ ಸೊಗಸಿಗೆ ಮರುಳಾಗುತ್ತಾರೆ. ತುಸು ಬಾಗಿ ಪರಿಶೀಲಿಸಿದವರಿಗೆ, ಇದು ಯಾವ ದಿಕ್ಕಿನ ಕಲ್ಲು, ಎಷ್ಟನೆಯ ಸಾಲಿನದು, ಆ ಸಾಲಿನಲ್ಲಿ ಇದರ ಸ್ಥಾನ ಯಾವುದು ಎಂಬುದನ್ನು ಸೂಚಿಸುವಂತೆ ಕೊರೆದ ಗುರುತುಗಳೂ ಕಾಣಸಿಗುತ್ತವೆ. ಆ ಕೊಳದ ಕಲ್ಲುಗಳಾದರೋ ಅಂತಸ್ತಂತಸ್ತಾಗಿ ಒಳಸರಿಯುತ್ತ ಸ್ವಭಾರದಿಂದಲೇ ಹಿಂದಣ ನೆಲವನ್ನು ತಡೆದು ನಿಂತಿವೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿಗೆ ಆ ಸಾಮರ್ಥ್ಯವಿಲ್ಲ.

ಮೊದಲನೆಯ ಕೆಲಸ ಗೂಟ ನೆಟ್ಟು ದಾರ ಕಟ್ಟುವುದು. ಬಳುಕಿದ ಅಂಚಿನ ನಾನಾ ಆಕಾರಗಳು ಇಂದು ದೊರೆಯುತ್ತವಾದರೂ, ಸ್ವಹಸ್ತದಿಂದ ಕಟ್ಟುವವನು 32 ಅಡಿ ಉದ್ದ, 16 ಅಡಿ ಅಗಲದ ಸರಳ ಆಯತವನ್ನೇ ಆರಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ; ಏಕೆಂದರೆ ಆಯತದಲ್ಲಿ ಸಂಭವಿಸಿದ ದೋಷವನ್ನು ಆಯತವೇ ತೋರಿಸಿಕೊಡುತ್ತದೆ. ಎರಡು ಕರ್ಣಗಳೂ ಸಮನಾಗಿ 35 ಅಡಿ 9 ಅಂಗುಲಕ್ಕೆ ತುಸು ಮಿಕ್ಕಿ ಬಂದರೆ ಮೂಲೆಗಳು ನೇರ್ಪಟ್ಟಿವೆಯೆಂದು ನಿಶ್ಚಿಂತೆಯಿಂದ ಮುಂದುವರಿಯಬಹುದು. ಯಜ್ಞವೇದಿಗಾಗಿ ಹಗ್ಗ ಹಿಡಿದು ನೆಲವನ್ನಳೆದ ಬೌಧಾಯನನ ಶುಲ್ಬಸೂತ್ರವು ಆಯತದ ಕರ್ಣವನ್ನು ಕುರಿತು ವಿಧಿಸಿರುವ ನಿಯಮವೇ ಇಲ್ಲಿಯೂ ಆಧಾರವೆಂಬುದನ್ನು ನೆನೆದಾಗ ಮನಸ್ಸಿಗೆ ಒಂದು ಬಗೆಯ ಹರ್ಷವುಂಟಾಗುತ್ತದೆ. ಮಟ್ಟದ ವಿಷಯದಲ್ಲಿಯೂ ಇಷ್ಟೇ ನಿಷ್ಠುರತೆ ಬೇಕು. ನೀರು ತನ್ನ ಮಟ್ಟವನ್ನು ಬಿಡದಾದ್ದರಿಂದ, ಅರ್ಧ ಅಂಗುಲದ ಏರುಪೇರೂ ಕೊಳವಿರುವಷ್ಟು ಕಾಲ ಅಂಚಿನಲ್ಲಿ ಎದ್ದು ಕಾಣುತ್ತಿರುತ್ತದೆ.

ಅಗೆತಕ್ಕೆ ಮುನ್ನ ನೆಲದಡಿಯ ಕೊಳವೆ ಮತ್ತು ತಂತಿಗಳ ಜಾಡನ್ನು ಗುರುತಿಸಿಕೊಡಲು ಅಮೆರಿಕದಲ್ಲಿ 811 ಎಂಬ ದೂರವಾಣಿ ಸಂಖ್ಯೆಯಿದೆ. ಅದನ್ನು ಬಳಸದೆ ಗುದ್ದಲಿಯನ್ನು ಮುಟ್ಟಕೂಡದು. ಗೋಡೆಯ ಹಿಂದೆ ಮನುಷ್ಯನು ನಿಂತು ಕೆಲಸ ಮಾಡುವಂತೆ ಗುಂಡಿಯು ಕೊಳಕ್ಕಿಂತ ಸುತ್ತಲೂ ಎರಡು ಮೂರು ಅಡಿ ದೊಡ್ಡದಾಗಿರಬೇಕು. ಪ್ಯಾನೆಲುಗಳು ಕೂರುವ ಅಂಚಿನ ನೆಲವಂತೂ ಕದಲದ ಮೂಲಭೂಮಿಯಾಗಿರಬೇಕೇ ಹೊರತು, ಹೆಚ್ಚಾಗಿ ಅಗೆದು ಆಮೇಲೆ ಸಡಿಲ ಮಣ್ಣಿನಿಂದ ಮುಚ್ಚಿದ ನೆಲವಾಗಿರಬಾರದು. ಪ್ಯಾನೆಲುಗಳನ್ನು ನಿಲ್ಲಿಸಿ, ಕರ್ಣವನ್ನೂ ಮಟ್ಟವನ್ನೂ ಮತ್ತೊಮ್ಮೆ ಪರೀಕ್ಷಿಸಿದ ತರುವಾಯ, ಅವುಗಳ ಬುಡದ ಸುತ್ತ ಎಂಟು ಹತ್ತು ಅಂಗುಲದ ಕಾಂಕ್ರೀಟ್ ಪಟ್ಟಿಯನ್ನು ಸುರಿಯುತ್ತಾರೆ. ಅಲ್ಲಿಂದ ಕೆಳಗೆ ಉಕ್ಕಿನ ಅಂಶವೇ ಇಲ್ಲ: ಆಳದ ಭಾಗಕ್ಕೆ ಇಳಿಯುವ ಇಳಿಜಾರುಗಳೆಲ್ಲ ಕೆತ್ತಿದ ನೆಲವೇ ಆಗಿದ್ದು, ಅದರ ಮೇಲೆ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜವನ್ನು ಸಿಮೆಂಟಿನೊಡನೆ ಕಲಸಿ ಕರಣೆಯಿಂದ ನುಣ್ಣಗೆ ಬಳಿಯಲಾಗುತ್ತದೆ.

ಇನ್ನು ಮಣ್ಣು ತುಂಬುವ ಘಟ್ಟ. ಈ ಕಲೆಯ ಹೃದಯ ಇಲ್ಲಿದೆ. ನೀರು ಅಂಚಿನವರೆಗೆ ತುಂಬಿದಾಗ 32 ಅಡಿ ಉದ್ದದ ಒಂದು ಪಾರ್ಶ್ವದ ಮೇಲೆ ಒಳಗಿನಿಂದ ಬೀಳುವ ಒತ್ತಡ ಸುಮಾರು ಐದೂವರೆ ಟನ್. ಹೊರಗೆ ಮಣ್ಣಿಲ್ಲದೆ ನೀರನ್ನು ತುಂಬಿದರೆ ಗೋಡೆ ಹೊರಕ್ಕೆ ಉಬ್ಬುತ್ತದೆ. ನೀರಿಲ್ಲದೆ ಮಣ್ಣನ್ನು ತುಂಬಿದರೆ ಒಳಕ್ಕೆ ವಾಲುತ್ತದೆ. ಆದಕಾರಣ ಒಳಗೆ ನೀರು ಒಂದು ಗೇಣು ಏರಿದಂತೆ ಹೊರಗೆ ಮಣ್ಣು ಒಂದು ಗೇಣು ಏರಬೇಕು, ತೆಳು ಪದರಗಳಾಗಿ ಹರಡಬೇಕು, ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಯಾವ ಮಣ್ಣು ಎಂಬುದೂ ಸಾಮಾನ್ಯವಾದ ಪ್ರಶ್ನೆಯಲ್ಲ. ಟೆಕ್ಸಾಸ್ ಸಂಸ್ಥಾನದ ಡಾಲಸ್ ನಗರದ ಸುತ್ತಣ ಕಪ್ಪು ಭೂಮಿಯು ನಮ್ಮ ಉತ್ತರ ಕರ್ನಾಟಕದ ಎರೆ ಭೂಮಿಯ ಜಾತಿಯದೇ ಆಗಿದ್ದು, ಮಳೆಗೆ ಹಿಗ್ಗಿ ಬೇಸಗೆಗೆ ಬಿರಿಯುತ್ತದೆ. ಧಾರವಾಡದ ಕಡೆಯಿಂದ ಹೋಗಿ ಅಲ್ಲಿ ನೆಲಸಿದ ಕನ್ನಡಿಗನಿಗೆ ಇದರ ಸ್ವಭಾವವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಅಂಥ ನೆಲದಲ್ಲಿ ಅಗೆದ ಮಣ್ಣನ್ನೇ ಮರಳಿ ತುಂಬದೆ, ನೀರು ಬಸಿದುಹೋಗುವ ಜಲ್ಲಿಯನ್ನು ಹಣ ಕೊಟ್ಟಾದರೂ ತರಿಸುವುದು ವಿವೇಕ.

ನೀರು ಬಿಡುವ ಮುನ್ನವೇ ಲೈನರನ್ನು ಹಾಸಬೇಕಷ್ಟೆ; ಹಾಸುವ ದಿನ ಬಿಸಿಲಿರಬೇಕು. ತಂಪಿನಲ್ಲಿ ಬಿರುಸಾಗಿರುವ ವೈನಿಲ್ ಕಾವಿಗೆ ಮೃದುವಾಗುತ್ತದೆ. ಕೊಳದ ಅಳತೆಗಿಂತ ಕೊಂಚ ಕಿರಿದಾಗಿಯೇ ಹೊಲಿದಂತೆ ಸಿದ್ಧಪಡಿಸಿದ ಆ ಹಾಳೆಯ ಅಂಚನ್ನು ಸುತ್ತಲೂ ಸಿಕ್ಕಿಸಿ, ಅದರ ಹಿಂಬದಿಯ ಗಾಳಿಯನ್ನು ವ್ಯಾಕ್ಯೂಮ್ ಯಂತ್ರದಿಂದ ಹೀರಿದಾಗ, ಸುಕ್ಕುಗಳೆಲ್ಲ ಒಂದೊಂದಾಗಿ ಅಡಗಿ ಅದು ನೆಲಕ್ಕೂ ಗೋಡೆಗೂ ಅಂಟಿಕೊಳ್ಳುವ ನೋಟ ಅತ್ಯಂತ ಮನೋಹರವಾದದ್ದು. ನೀರಿನ ಮೇಲ್ಮೈಯ ಕಸವನ್ನು ಸೆಳೆಯುವ ಸ್ಕಿಮ್ಮರ್ ಮೊದಲಾದವುಗಳ ರಂಧ್ರಗಳನ್ನು ಕೊರೆಯಲು ಆತುರಪಡಬಾರದು; ನೀರು ಅವುಗಳ ತುಸು ಕೆಳಗಿನವರೆಗೆ ಬಂದು ಲೈನರ್ ಸಂಪೂರ್ಣವಾಗಿ ನೆಲೆಗೊಂಡ ಮೇಲೆಯೇ ಚಾಕುವನ್ನು ತೆಗೆಯತಕ್ಕದ್ದು.

ವಿದ್ಯುತ್ತಿನ ಕೆಲಸವನ್ನು ಮಾತ್ರ ಸ್ವಂತ ಕೈಯಲ್ಲಿ ಮಾಡಬೇಡಿರಿ. ಗೋಡೆ, ಏಣಿ, ಪಂಪು ಮುಂತಾದ ಲೋಹದ ಭಾಗಗಳನ್ನೆಲ್ಲ ತಾಮ್ರದ ತಂತಿಯಿಂದ ಪರಸ್ಪರ ಬಂಧಿಸುವುದು ಪ್ರಾಣಕ್ಕೆ ಸಂಬಂಧಿಸಿದ ವಿಚಾರ. ಅದು ಅನುಮತಿ ಪಡೆದ ಎಲೆಕ್ಟ್ರೀಷಿಯನ್ನನ ಅಧಿಕಾರಕ್ಕೆ ಸೇರಿದ್ದು. ಮಕ್ಕಳ ದೃಷ್ಟಿಯಿಂದ ಕನಿಷ್ಠ ನಾಲ್ಕಡಿಯ ಬೇಲಿಯೂ ತಾನಾಗಿ ಮುಚ್ಚಿ ಅಗಳಿ ಬೀಳುವ ಗೇಟೂ ಇರಲೇಬೇಕು. ಕ್ಲೋರಿನ್ ಮತ್ತು ಆಮ್ಲತೆಯ ಪಾಲನೆ ಇನ್ನೊಂದು ವಾರದ ವಸ್ತು.

ಕಟ್ಟಿ ಮುಗಿದ ಕೊಳವನ್ನು ಶುಚಿಗೊಳಿಸುವ ನೆಪದಿಂದ ಪೂರ್ತಿ ಬರಿದುಮಾಡುವ ಹುಮ್ಮಸ್ಸು ಕೆಲವರಿಗುಂಟು. ಸುಮಾರು 65,000 ಲೀಟರ್ ನೀರು ಹೊರಹೋದೊಡನೆ ಗೋಡೆಯ ಒಳಗಣ ಆಸರೆಯೂ ಹೋಗುತ್ತದೆ. ಅಂತರ್ಜಲವು ಮೇಲಿದ್ದರೆ ತಳವನ್ನೇ ಎತ್ತುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಲೈನರ್ ಕುಗ್ಗಿ ಮತ್ತೆ ಹಿಗ್ಗದಾಗುತ್ತದೆ. ಹಿಮ ಬೀಳುವ ಉತ್ತರದ ಸಂಸ್ಥಾನಗಳಲ್ಲಿ ಕೂಡ ಚಳಿಗಾಲಕ್ಕೆ ನೀರಿನ ಮಟ್ಟವನ್ನು ಇಳಿಸಿ ಮೇಲ್ಹೊದಿಕೆಯನ್ನು ಹಾಸುತ್ತಾರಲ್ಲದೆ ಕೊಳವನ್ನು ಖಾಲಿ ಮಾಡುವುದಿಲ್ಲ. ಹಾಗೆಯೇ, ಎಷ್ಟೇ ದಮ್ಮಸ್ಸು ಮಾಡಿದರೂ ಹೊಸದಾಗಿ ತುಂಬಿದ ಮಣ್ಣು ಕೆಲಕಾಲ ಕುಸಿಯುತ್ತಲೇ ಇರುವುದರಿಂದ, ಸುತ್ತಣ ಕಾಂಕ್ರೀಟ್ ಹಾಸನ್ನು ಅದೇ ಬೇಸಗೆಯಲ್ಲಿ ಸುರಿಯದೆ, ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ನೆಲವು ಕೂತ ಮೇಲೆ, ತಗ್ಗಾದೆಡೆಗೆ ಮತ್ತಷ್ಟು ಜಲ್ಲಿಯನ್ನು ಹೊಯ್ದು ಅನಂತರ ಅದಕ್ಕೆ ಕೈಹಚ್ಚುವುದು ಲೇಸು.